ಸಹಾಯ ಬೇಕು: ಅಘನಾಶಿನಿ, ಶರಾವತಿ ಅಳಿವೆಗಳ ಮೀನು ಅಧ್ಯಯನ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಪ್ರಾಜೆಕ್ಟಿಗೆ ಈ ಎರಡು ಅಳಿವೆಗಳ ಮೀನುಗಳನ್ನು ಹೋಲಿಸಿ ನೋಡಬೇಕೆಂದಿದ್ದೇನೆ. ಎರಡೂ ಉತ್ತರ ಕನ್ನಡದಲ್ಲೇ ಕಡಲು ಸೇರುತ್ತವೆ, ನೀರಿನ ಸ್ವಭಾವ ಮಾತ್ರ ಬೇರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿಯಾಗುವ ಅಳಿವೆ ಬೇಸಿಗೆಯಲ್ಲಿ ಉಪ್ಪೇರುತ್ತದೆ. ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆ ಮುಗಿಸಿದ ಸಿಹಿನೀರು ಗೇರುಸೊಪ್ಪ ಅಣೆಕಟ್ಟಿನಿಂದ ಬೇಸಿಗೆಯಲ್ಲೂ ಇಳಿದು ಬರುತ್ತಲೇ ಇರುತ್ತದೆ. ಶರಾವತಿ ಕಡಲು ಸೇರುವ ಹೊನ್ನಾವರದ ಕಡೆ ಬಳಚು (ತಿನ್ನುವ ಚಿಪ್ಪಿನ ಜೀವಿ) ಕಡಿಮೆಯಾಗಿದ್ದಕ್ಕೆ ಇದನ್ನೇ ಕಾರಣವಾಗಿ ಹೇಳುತ್ತಾರೆ. ಬಳಚಿಗೆ ಓಡಿಹೋಗಲು ಆಗದು, ಮೀನಿಗೆ ಆಗುತ್ತದೆ. ಹಾಗಾಗಿ ಕಾಣೆಯಂಥ ಮೀನುಗಳ ಲೆಕ್ಕ ಅಷ್ಟು ಸರಳವಾಗಿರಲಾರದು ಅಂತ ನನ್ನ ಅನುಮಾನ.

ಈಗ ತೊಡಕು ಬಲೆಯದ್ದು. ಒಂದು ಕಡೆ ಬೀಸುಬಲೆ, ಇನ್ನೊಂದು ಕಡೆ ಗಿಲ್‌ನೆಟ್‌ (ಕಿವಿರು ಸಿಕ್ಕಿಬೀಳುವ ನಿಲುಬಲೆ) ಹಿಡಿದ ಮೀನು ಎಣಿಸಿದರೆ ಹೋಲಿಕೆಗೆ ಅರ್ಥವಿಲ್ಲ. ಒಂದೇ ಅಳತೆಯ ಕಣ್ಣಿರುವ ಬಲೆ ಸಾಕೇ, ಎರಡು ಮೂರು ಅಳತೆ ಬೇಕೇ? ಉಬ್ಬರದ ಹೊತ್ತೋ ಇಳಿತದ ಹೊತ್ತೋ? ಅಳಿವೆಯಲ್ಲಿ ನಿಜವಾಗಿ ಸ್ಯಾಂಪಲಿಂಗ್ ಮಾಡಿದವರು ಹೇಳಿದರೆ ಒಳ್ಳೆಯದು, ಪುಸ್ತಕದ ಸೂತ್ರ ನನ್ನ ಬಳಿಯೂ ಇದೆ.

ಮುಲೆಟ್ ಜಾತಿಯ ಬೆರಳುದ್ದದ ಮರಿಗಳನ್ನು ಗುರುತಿಸಬಲ್ಲವರಿದ್ದರೆ ಫೋಟೊ ಕಳಿಸುತ್ತೇನೆ. ಕುಮಟಾ, ಹೊನ್ನಾವರ ಸುತ್ತ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಎರವಲು ಸಿಗುತ್ತದೆಯೇ? ಅಘನಾಶಿನಿ ಅಳಿವೆಯ ತದಡಿ ಕಡೆಯ ಮೀನುಗಾರ ಅಣ್ಣಂದಿರು ಯಾರಾದರೂ ದೋಣಿಯಲ್ಲಿ ಜೊತೆಗೆ ಕರೆದೊಯ್ಯಲು ಒಪ್ಪಿದರೆ ದಿನದ ಖರ್ಚು ಕೊಡುತ್ತೇನೆ. ಮೀನು ಅವರದ್ದೇ, ನನಗೆ ಉದ್ದ, ತೂಕ ಬರೆದುಕೊಂಡರೆ ಸಾಕು.