ಹೆಡ್ ಗ್ಯಾಸ್ಕೆಟ್ ಬದಲಿಸಿ, ಪಂಪ್ ಮತ್ತೆ ಕೂರಿಸಿದ ಮೇಲೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ: ರೈತ, ಅಫಜಲಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಸಿಲಿಂಡರಿನ, ಇನ್‌ಲೈನ್ ಡೀಸೆಲ್ ಪಂಪ್ (ಪ್ರತಿ ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಇರುವ ಹಳೆಯ ಟ್ರ್ಯಾಕ್ಟರ್. ರೇಡಿಯೇಟರಿನ ನೀರು ಪದೇ ಪದೇ ಕಡಿಮೆಯಾಗುತ್ತಿತ್ತು, ಇಂಜಿನ್ ನಡೆಯುವಾಗ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಆದ್ದರಿಂದ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿಸಿ, ಅದರ ಕೆಳಗಿನ ಗ್ಯಾಸ್ಕೆಟ್ (ಸೋರಿಕೆ ತಡೆಯುವ ಪದರ) ಬದಲಿಸಿದೆವು. ಪಂಪಿನಿಂದ ಡೀಸೆಲ್ ಜಿನುಗುತ್ತಿದ್ದ ಕಾರಣ ಅದನ್ನೂ ಕಳಚಿ, ಕಲಬುರಗಿಗೆ ಒಯ್ದು ಸೀಲ್ ಹಾಕಿಸಿ, ತಂದು ಕೂರಿಸಲಾಗಿದೆ. ಈಗ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆದರೆ ಇಂಜಿನ್ ತಿರುಗುತ್ತದೆ, ಆದರೆ ಒಮ್ಮೆಯೂ ಹತ್ತಿಕೊಂಡಿಲ್ಲ. ಹೆಡ್ ಕೆಲಸ ಮಾಡಿದವರು ಬ್ಯಾಟರಿ ಸೋತಿದೆ ಎನ್ನುತ್ತಾರೆ. ಊರಿನ ಇನ್ನೊಬ್ಬ ಮೆಕ್ಯಾನಿಕ್ ಪಂಪೇ ಕೆಟ್ಟಿದೆ ಎನ್ನುತ್ತಾರೆ. ಬೇರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರೆ ಚಾಲೂ ಆಗುತ್ತದೆ ಎಂಬ ಸಲಹೆಯೂ ಬಂದಿದೆ. ತೊಗರಿ ಕೊಯ್ದು ಹೊಲದಲ್ಲಿ ಬಣವೆ ಒಟ್ಟಿದ್ದೇವೆ, ರಾಶಿಗೆ ಇದೇ ಟ್ರ್ಯಾಕ್ಟರ್ ಬೇಕು. ಹೊಸ ಸಾಮಾನಿಗೆ ಹಣ ಹಾಕುವ ಮೊದಲು ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಪಂಪ್ ಮತ್ತು ನೋಜಲ್ ಕೆಲಸಗಾರ, ಕಲಬುರಗಿ

ಮೊದಲನೆಯದಾಗಿ, ದಯವಿಟ್ಟು ಎಳೆಸಬೇಡಿ. ಹೆಡ್ ಬಿಚ್ಚಿದಾಗ ನೀರಿನ ದಾರಿಯಿಂದ ಸಿಲಿಂಡರಿಗೆ ನೀರು ಇಳಿದಿರುವ ಸಾಧ್ಯತೆ ಇದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಎಳೆತದ ಬಲಕ್ಕೆ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಕ್ಲೀನರಿಗೆ ಪೆಟ್ರೋಲ್ ಅಥವಾ ಈಥರ್ ಹಾಕುವುದೂ ಬೇಡ, ಅದರಲ್ಲೂ ಹೀಟರ್ ಇರುವ ಇಂಜಿನ್ನಿಗೆ ಅದು ನೇರ ಅಪಾಯ.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತಿದಾಗ ಹುಟ್ಟುವ ಬಿಸಿಯಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ತಕ್ಕಷ್ಟು ವೇಗದಲ್ಲಿ ತಿರುಗುವುದು, ಒತ್ತಡ ಸೋರದಿರುವುದು, ಸರಿಯಾದ ಗಳಿಗೆಯಲ್ಲಿ ಡೀಸೆಲ್ ಬರುವುದು ಎಂಬ ಮೂರರಲ್ಲಿ ಒಂದು ತಪ್ಪಿದೆ. ಯಾವುದೆಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಸೈಲೆನ್ಸರಿನ ಬಾಯಲ್ಲೇ ಇದೆ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹೊಗೆ ನೋಡಲಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಕಣ್ಣು ಉರಿಸುವ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ಟೈಮಿಂಗ್ (ಡೀಸೆಲ್ ಬೀಳುವ ಗಳಿಗೆ) ಅಥವಾ ಕಂಪ್ರೆಷನ್ (ಗಾಳಿಯ ಒತ್ತಡ) ಅನ್ನು ಅನುಮಾನಿಸಬೇಕು. ಕಪ್ಪು ಹೊಗೆ ಬಂದರೆ ಗಾಳಿಯ ದಾರಿ ನೋಡಿ, ಧೂಳು ಬೀಳದಿರಲೆಂದು ಮ್ಯಾನಿಫೋಲ್ಡಿಗೆ (ಗಾಳಿ ಒಳಹೋಗುವ ಕೊಳವೆಗೆ) ತುರುಕಿದ ಬಟ್ಟೆ ಅಲ್ಲೇ ಉಳಿದಿರಬಹುದು.

ಪಂಪ್ ಕಳಚಿ ಹಾಕಿದ ಮೇಲೆ ಏರ್ (ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ) ತೆಗೆಯುವುದು ಕಡ್ಡಾಯ. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಲಿ, ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿ ಪಂಪಿನ ಸ್ಟಾಪ್ ಲಿವರ್ ನಿಜವಾಗಿಯೂ ಬಿಟ್ಟುಕೊಂಡಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಿ. ಮೊದಲು ಫಿಲ್ಟರಿನ ಮೇಲಿನ ಏರ್ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪ್ರೈಮರ್ ಒತ್ತಿ. ನಂತರ ನಾಲ್ಕೂ ನೋಜಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪುಗಳ ನಟ್ ಅನ್ನು ನೋಜಲ್ ಕಡೆ ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆದು, ನಾಲ್ಕೂ ಪೈಪಿಗೆ ಡೀಸೆಲ್ ಚಿಮ್ಮುತ್ತದೆಯೇ ನೋಡಿ. ಒಂದು ಸಲಕ್ಕೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸೆಲ್ಫ್ ಆರಲು ಬಿಡಿ. ಎಷ್ಟು ಏರ್ ತೆಗೆದರೂ ಗುಳ್ಳೆ ನಿಲ್ಲದಿದ್ದರೆ ಹಳೆಯ ತಾಮ್ರದ ವಾಷರ್‌ಗಳನ್ನೇ ಮತ್ತೆ ಹಾಕಿರುವ ಸಾಧ್ಯತೆ ಹೆಚ್ಚು. ಫೀಡ್ ಪಂಪಿನ ಎಳೆಯುವ ಬದಿಯಲ್ಲಿ ಸೀಳು ಬಿಟ್ಟಿದ್ದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಲ್ಲದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನೋಜಲ್ ತೆರೆಯುವುದೇ ಸುಮಾರು 200 ಬಾರ್ ಒತ್ತಡದಲ್ಲಿ. ಸಿಂಪಡಣೆಯ ಎದುರು ಬೆರಳು ಹಿಡಿದರೆ ಡೀಸೆಲ್ ಚರ್ಮ ತೂರಿ ಒಳಸೇರುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಉತ್ತರ: ಗ್ಯಾರೇಜ್ ಮಾಲೀಕ, ಹುಮನಾಬಾದ್

ಬ್ಯಾಟರಿಯ ಮಾತನ್ನು ಊಹೆಗೆ ಬಿಡಬೇಕಾಗಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. 12 ವೋಲ್ಟಿನ ಬ್ಯಾಟರಿ ಆಗ ಒಂಬತ್ತೂವರೆಗಿಂತ ಕೆಳಗೆ ಇಳಿಯಬಾರದು. ವೋಲ್ಟ್ ಸರಿಯಾಗಿದ್ದೂ ಇಂಜಿನ್ ನಿಧಾನವಾಗಿ ತಿರುಗಿದರೆ ಅರ್ಥಿಂಗ್ ಕೇಬಲ್ ನೋಡಿ. ರಿಪೇರಿಗೆಂದು ಬಿಚ್ಚಿದ ಅರ್ಥಿಂಗ್ ಅನ್ನು ಬಣ್ಣ ಬಳಿದ ಜಾಗಕ್ಕೋ ತುಕ್ಕಿನ ಮೇಲೋ ಬಿಗಿದಿರುವುದನ್ನು ನಾವು ಬಹಳ ನೋಡುತ್ತೇವೆ. ಬೀದರ ಕಡೆಯ ಜನವರಿಯ ಬೆಳಗಿನ ಚಳಿಯಲ್ಲಿ ಇದು ಇನ್ನೂ ಕಾಡುತ್ತದೆ, ಏಕೆಂದರೆ ನಿಧಾನವಾಗಿ ತಿರುಗಿದಷ್ಟೂ ಒತ್ತಿದ ಗಾಳಿಯ ಬಿಸಿ ಗೋಡೆಗೆ ಹೋಗಿ ಕಳೆದುಹೋಗುತ್ತದೆ.

ಹೆಡ್ ಕೂರಿಸಿದ ಮೇಲೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ಸೆಟ್ ಮಾಡಿದ್ದಾರೆಯೇ ಎಂದೂ ಕೇಳಿ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಕೂದಲೆಳೆಯಷ್ಟು ತೆರೆದು ನಿಂತರೂ ಕಂಪ್ರೆಷನ್ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆ ನೋಡಿದೆವು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಹತ್ತು ವೋಲ್ಟಿನ ಮೇಲೆಯೇ ನಿಲ್ಲುತ್ತದೆ. ಅರ್ಥಿಂಗ್ ಉಜ್ಜಿ ಬಿಗಿದಿದ್ದೇವೆ, ಇಂಜಿನ್ ಚುರುಕಾಗಿಯೇ ತಿರುಗುತ್ತದೆ. ಏರ್ ತೆಗೆದ ಮೇಲೆ ನಾಲ್ಕೂ ಪೈಪಿಗೆ ಡೀಸೆಲ್ ಚಿಮ್ಮುತ್ತಿದೆ. ಟ್ಯಾಪೆಟ್‌ಗಳನ್ನು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಮತ್ತೆ ನೋಡಿಸಿದ್ದೇವೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಏರ್ ಕ್ಲೀನರ್ ಕಡೆಯಿಂದಲೂ ಡೀಸೆಲ್ ವಾಸನೆ ಬರುತ್ತಿದೆ. ಪಂಪ್ ಹಾಕುವಾಗ ಫ್ಲೈವೀಲಿನ (ಕ್ರ್ಯಾಂಕಿನ ತುದಿಯ ಭಾರದ ಚಕ್ರದ) ಗುರುತು ಕೂಡಿಸಿಯೇ ಹಾಕಿದ್ದಾಗಿ ಮೆಕ್ಯಾನಿಕ್ ಹೇಳುತ್ತಾರೆ.

ಉತ್ತರ: ಪಂಪ್ ಮತ್ತು ನೋಜಲ್ ಕೆಲಸಗಾರ, ಕಲಬುರಗಿ

ನಿಮ್ಮ ಕೊನೆಯ ಎರಡು ವಾಕ್ಯಗಳಲ್ಲೇ ಬಹುಮಟ್ಟಿಗೆ ಉತ್ತರವಿದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಇಂಜಿನ್ನಿನ ಮುಖ್ಯ ದಂಡ) ಎರಡು ಸುತ್ತು ತಿರುಗಿದಾಗ ಪಂಪ್ ಒಂದೇ ಸುತ್ತು ತಿರುಗುತ್ತದೆ. ಆದ್ದರಿಂದ ಫ್ಲೈವೀಲಿನ ಗುರುತು ಒಂದನೇ ಪಿಸ್ಟನ್ ಗಾಳಿ ಒತ್ತಿ ಮೇಲೆ ಬಂದಾಗಲೂ ಕೂಡುತ್ತದೆ, ಸುಟ್ಟ ಹೊಗೆಯನ್ನು ಹೊರಗೆ ತಳ್ಳಿ ಮೇಲೆ ಬಂದಾಗಲೂ ಕೂಡುತ್ತದೆ. ಎರಡನೆಯ ಸಂದರ್ಭದಲ್ಲಿ ಪಂಪ್ ಕೂರಿಸಿದರೆ ವಾಲ್ವ್‌ಗಳು ತೆರೆದಿರುವಾಗ ಡೀಸೆಲ್ ಬಿದ್ದು, ಉರಿಯದೆ ಎರಡೂ ಬಾಗಿಲಿನಿಂದ ಹೊರಬರುತ್ತದೆ. ಪಂಪಿನಲ್ಲಿ ದೋಷವಿಲ್ಲ, ಬ್ಯಾಟರಿಯಲ್ಲಿ ದೋಷವಿಲ್ಲ, ಗುರುತೂ ಸುಳ್ಳಲ್ಲ. ಆದರೂ ಇಂಜಿನ್ ಹತ್ತುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಟ್ಯಾಪೆಟ್ ಕವರ್ ತೆಗೆದು, ಇಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಒಂದನೇ ಸಿಲಿಂಡರಿನ ಗಾಳಿ ವಾಲ್ವ್ ತೆರೆದು ಮುಚ್ಚಿದ ನಂತರ ಬರುವ ಗುರುತೇ ಕಂಪ್ರೆಷನ್ನಿನದು. ಅಲ್ಲಿ ಒಂದನೇ ಸಿಲಿಂಡರಿನ ಎರಡೂ ಟ್ಯಾಪೆಟ್ ಸಡಿಲವಾಗಿರುತ್ತವೆ, ನಾಲ್ಕನೆಯದರಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇರುತ್ತದೆ. ಈಗ ಪಂಪಿನ ಒಂದನೇ ಪೈಪ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಸ್ವಲ್ಪ ಹಿಂದಕ್ಕೆ ತಂದು ಮತ್ತೆ ನಿಧಾನವಾಗಿ ಮುಂದಕ್ಕೆ ತಿರುಗಿಸಿ. ಗುರುತಿಗೆ ತುಸು ಮೊದಲೇ ಪಂಪಿನ ಬಾಯಲ್ಲಿ ಡೀಸೆಲ್ ಉಬ್ಬಿ ಅಲುಗಬೇಕು. ಇಲ್ಲಿ ಅಲುಗದೆ ಇನ್ನೊಂದು ಪೂರ್ತಿ ಸುತ್ತಿನ ನಂತರ ಅಲುಗಿದರೆ ಪಂಪ್ ತೆಗೆದು ಸರಿಪಡಿಸಲೇಬೇಕು. ಎಷ್ಟು ಡಿಗ್ರಿ ಮೊದಲು ಎಂಬುದು ಇಂಜಿನ್ನಿನಿಂದ ಇಂಜಿನ್ನಿಗೆ ಬೇರೆಯಾಗುತ್ತದೆ, ಅದಕ್ಕೆ ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ.

ಪ್ರಶ್ನೆ ಕೇಳಿದವರು:

ನೀವು ಅನುಮಾನಿಸಿದಂತೆಯೇ ಪಂಪ್ ಕ್ರ್ಯಾಂಕಿನ ಒಂದು ಸುತ್ತು ತಪ್ಪಿ ಕೂತಿತ್ತು. ಮೆಕ್ಯಾನಿಕ್ ಅದನ್ನು ತಾವೇ ಒಪ್ಪಿ, ಬಿಚ್ಚಿ ಕೂರಿಸಿ, ಏರ್ ತೆಗೆದುಕೊಟ್ಟರು. ಸೆಲ್ಫ್ ಮುಟ್ಟಿದ ಕೂಡಲೇ ಇಂಜಿನ್ ಹತ್ತಿತು. ನಾಳೆಯೇ ರಾಶಿ ಮಷೀನಿಗೆ ಹಚ್ಚಬಹುದೇ?

ಉತ್ತರ: ಟ್ರ್ಯಾಕ್ಟರ್ ಮೆಕ್ಯಾನಿಕ್, ಶಹಾಪುರ

ಹಚ್ಚುವ ಮೊದಲು ಇಂಜಿನ್ ಆಯಿಲಿನ ಗೇಜ್ ಕಡ್ಡಿ ಎಳೆದು ನೋಡಿ. ಇಷ್ಟು ಸಲ ಉರಿಯದ ಡೀಸೆಲ್ ಸಿಲಿಂಡರಿಗೆ ಬಿದ್ದಿರುವುದರಿಂದ ಅದರಲ್ಲಿ ಒಂದಿಷ್ಟು ಗೋಡೆಯಗುಂಟ ಇಳಿದು ಆಯಿಲಿಗೆ ಸೇರಿರುತ್ತದೆ. ಆಯಿಲ್ ಮಟ್ಟ ಏರಿದ್ದರೆ, ತೆಳುವಾಗಿದ್ದರೆ ಅಥವಾ ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸದೆ ಲೋಡಿಗೆ ಹಾಕಬೇಡಿ, ಬೇರಿಂಗ್ ಹೋದರೆ ಹೆಡ್ ಕೆಲಸಕ್ಕಿಂತ ದೊಡ್ಡ ಖರ್ಚು ಬರುತ್ತದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ.

ಆಯಿಲ್ ಸರಿಯಿದ್ದರೆ ಲೋಡಿಲ್ಲದೆ ಬಿಸಿಯಾಗುವವರೆಗೆ ಓಡಿಸಿ, ಪೂರ್ತಿ ಆರಿದ ಮೇಲೆ ರೇಡಿಯೇಟರ್ ನೀರಿನ ಮಟ್ಟ ನೋಡಿ. ಹೆಡ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ಮಾಡಬೇಕೇ (ಅಳತೆಗೆ ತಕ್ಕಂತೆ ಬಿಗಿಯಬೇಕೇ) ಎಂಬುದು ಗ್ಯಾಸ್ಕೆಟ್ಟಿನ ಮೇಲೆ ನಿಂತಿದೆ. ಮಾಡುವುದಾದರೆ ಟ್ಯಾಪೆಟ್ ಗ್ಯಾಪ್ ಕೂಡ ಬದಲಾಗುವುದರಿಂದ ಅದನ್ನು ಮತ್ತೆ ಸೆಟ್ ಮಾಡಿಸಿ. ಗುಳ್ಳೆ ಏಳದಿದ್ದರೆ, ನೀರು ಇಳಿಯದಿದ್ದರೆ ರಾಶಿಗೆ ಹಚ್ಚಿ. ಆದರೆ ಮೊದಲ ದಿನ ಟೆಂಪರೇಚರ್ ಮೀಟರ್ ಮತ್ತು ಆಯಿಲ್ ಪ್ರೆಷರ್ ಮೀಟರ್ ಮೇಲೆ ಕಣ್ಣಿಡಲು ಒಬ್ಬರನ್ನು ಟ್ರ್ಯಾಕ್ಟರ್ ಹತ್ತಿರವೇ ನಿಲ್ಲಿಸಿ.