ಮಂಡಿ ಬದಲಾಯಿಸಿದ ಮೇಲೆ ಚಾರಣ, ಕೈತೋಟ: ಎಲ್ಲಿಂದ ಶುರು ಮಾಡಬೇಕು?

ಹಾದಿಹೋಕ:
ಬಲ ಮಂಡಿ ಪೂರ್ತಿ ಬದಲಾಯಿಸಿ 4 ತಿಂಗಳಾಯಿತು. 110 ಡಿಗ್ರಿ ಮಡಚುತ್ತದೆ. ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ಕೋಲಿಲ್ಲದೆ ನಡೆಯುತ್ತೇನೆ. ಚಾರಣಕ್ಕೆ ಸರ್ಜನ್ ಒಪ್ಪಿದ್ದಾರೆ, ಆದರೆ ಇಳಿಜಾರಲ್ಲಿ ಕಾಲು ನಡುಗುತ್ತದೆ. ತೋಟದಲ್ಲಿ ಮಂಡಿಯೂರಿ ಕಳೆ ಕೀಳಬಹುದಾ?

ಏರಿಳಿತ:
ನಡುಕಕ್ಕೆ ಸಾಮಾನ್ಯವಾಗಿ ಕಾರಣ ಹೊಸ ಕೀಲಲ್ಲ ಸರ್, ತೊಡೆಯ ಮುಂಭಾಗದ ಸ್ನಾಯು. ಇಳಿಯುವಾಗ ಅದು ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು. ಶಸ್ತ್ರಚಿಕಿತ್ಸೆಯ ನಂತರ ಮೊದಲು ಸೊರಗುವುದೂ ಅದೇ. ಬರೀ ನಡೆದರೆ ಈ ಬಲ ಬರುವುದಿಲ್ಲ. 10 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು, ಗೋಡೆ ಹಿಡಿದು, ಎಡ ಹಿಮ್ಮಡಿಯನ್ನು 3 ಸೆಕೆಂಡು ತೆಗೆದುಕೊಂಡು ನೆಲಕ್ಕೆ ತಾಗಿಸಿ, ಮತ್ತೆ ಮೇಲೆ ಬನ್ನಿ. ಮಂಡಿ ಒಳಕ್ಕೆ ವಾಲಬಾರದು. 10ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ನಡುಕ ನಿಂತ ಮೇಲೆ 15, ಆಮೇಲೆ 20 ಸೆಂ.ಮೀ.

ಚಾರಣದ ಕೋಲು ಎರಡು ಬೇಕು. ಸಮನೆಲದಲ್ಲಿ ಹಿಡಿದಾಗ ಮೊಣಕೈ 90 ಡಿಗ್ರಿ ಇರಲಿ, ಇಳಿಯುವಾಗ 5–10 ಸೆಂ.ಮೀ. ಉದ್ದ ಮಾಡಿ. ಎತ್ತರದ ಮೆಟ್ಟಿಲಲ್ಲಿ ಮೊದಲು ಕೋಲು, ಆಮೇಲೆ ಬಲಗಾಲು, ಕೊನೆಗೆ ಎಡಗಾಲು. ಹತ್ತುವಾಗ ಎಡಗಾಲೇ ಮುಂದೆ. ಮೊದಮೊದಲು ಬೆನ್ನಿಗೆ ಚೀಲ ಬೇಡ. ದೂರ, ಏರು, ಹೊರೆ ಮೂರನ್ನೂ ಒಂದೇ ವಾರ ಹೆಚ್ಚಿಸಿದರೆ ಊತ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ.

ಫಿಸಿಯೋ ಮೇಡಂ:
ಮರುದಿನ ಬೆಳಗ್ಗೆ ಮಂಡಿಚಿಪ್ಪಿನ ಮೇಲ್ಭಾಗದ ಸುತ್ತಳತೆಯನ್ನು ಟೇಪಿನಲ್ಲಿ ನೋಡಿ. ಹಿಂದಿನ ದಿನದ ಊತ ಇಳಿದಿಲ್ಲವೆಂದರೆ ಮುಂದಿನ ಸಲ ಅರ್ಧ ದೂರ ಸಾಕು. ಮೀನಖಂಡದಲ್ಲಿ ನೋವು-ಬಾವು, ಜ್ವರ, ಗಾಯದಿಂದ ಕೀವು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಂಬುಲೆನ್ಸ್ ಕರೆಯಿರಿ.

ಹಸಿರುಗೈ:
ಗಾಯ ಪೂರ್ತಿ ಮಾಗಿದ್ದು ಸರ್ಜನ್ ಬೇಡ ಎನ್ನದಿದ್ದರೆ, ಮಂಡಿಯೂರುವುದರಿಂದ ಸಾಮಾನ್ಯವಾಗಿ ಕೀಲಿಗೆ ಹಾನಿಯಿಲ್ಲ. ಕಲೆಯ ಹೊರಬದಿ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ, ಚರ್ಮದ ಸಣ್ಣ ನರ ಕತ್ತರಿಸಿರುತ್ತದೆ. ಆದರೆ ಅಲ್ಲಿ ಕಲ್ಲು ಒತ್ತಿದರೂ ತಿಳಿಯದು, ಆದ್ದರಿಂದ ದಪ್ಪ ಫೋಮ್ ಹಾಸಿಕೊಳ್ಳಿ. ಏಳುವಾಗ ಎಡ ಪಾದ ಮುಂದಿಟ್ಟು ಅದರ ಬಲದಿಂದ ಏಳಿ. ಕುಕ್ಕರಗಾಲಿಗೆ 110 ಡಿಗ್ರಿ ಸಾಲದು, ಒತ್ತಾಯಿಸಬೇಡಿ. ಉದ್ದ ಹಿಡಿಯ ಗುದ್ದಲಿ ಬಳಸಿ. ಕೈಗವಸು ಮರೆಯಲೇಬೇಡಿ. ಮುಳ್ಳು ಚುಚ್ಚಿದ ಗಾಯ ಕೀವಾದರೆ ಸೋಂಕು ರಕ್ತದ ಮೂಲಕ ಹೊಸ ಕೀಲಿಗೂ ಇಳಿಯಬಹುದು.

ಹಾದಿಹೋಕ:
ತುಂಬಾ ಧನ್ಯವಾದ. ಸೈಕಲ್?

ಏರಿಳಿತ:
ಪೆಡಲ್ ಪೂರ್ತಿ ಸುತ್ತಲು 110 ಸಾಮಾನ್ಯವಾಗಿ ಸಾಕು. ಸೀಟು ಎತ್ತರಿಸಿ, ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಲಿ. ಮೊದಲು ನಿಂತಲ್ಲೇ ತುಳಿಯುವ ಸೈಕಲ್, ಆಮೇಲೆ ರಸ್ತೆ. ಬಿದ್ದರೆ ಕೀಲಿನ ಸುತ್ತಲ ಮೂಳೆ ಮುರಿಯಬಹುದು. ಹಾಗಾಗಿ ಅಡ್ಡ ಕಂಬಿಯಿಲ್ಲದ, ಸಲೀಸಾಗಿ ಕಾಲೂರುವಂಥದ್ದನ್ನೇ ಆರಿಸಿ.