ಪದಚರ್ಚೆ: ಸಾಕಿದ ಹಕ್ಕಿಯನ್ನು ಕಾಡಿಗೆ ಬಿಟ್ಟರೆ ಅದು 'ಬಿಡುಗಡೆ'ಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಫೆಸೆಂಟ್ ಹಕ್ಕಿಗಳ (ಕೋಳಿಯ ಬಳಗದ, ಉದ್ದ ಬಾಲದ ಹಕ್ಕಿ) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಫೆಸೆಂಟ್ ಅಲ್ಲಿಯ ಮೂಲದ ಹಕ್ಕಿಯಲ್ಲ, ಏಷ್ಯಾದಿಂದ ಹೋದದ್ದು. ಬೇಟೆಗೆಂದೇ ಬ್ರಿಟನ್ನಿನಲ್ಲಿ ಇವುಗಳನ್ನು ವರ್ಷವರ್ಷವೂ ಕೋಟಿಗಟ್ಟಲೆ ಸಾಕಿ ಬಿಡುತ್ತಾರೆ. ಆರೇಳು ವಾರದ ಮರಿಗಳನ್ನು ಬೇಸಿಗೆಯಲ್ಲಿ ಮರಗಳ ನಡುವಿನ ತಂತಿಬೇಲಿಯೊಳಗೆ ತಂದು ಬಿಡುವುದು ರೂಢಿ. ಬೇಗ ಹಾರಿಹೋಗದಿರಲಿ ಅಂತ ಎಷ್ಟೋ ಕಡೆ ಒಂದು ರೆಕ್ಕೆಯ ಗರಿ ಕತ್ತರಿಸಿರುತ್ತಾರೆ. ಗರಿ ಬೆಳೆದಂತೆ ಅವೇ ಬೇಲಿ ದಾಟುತ್ತವೆ. ಹೊರಗೆ ಉಳಿದ ಹಕ್ಕಿ ಮತ್ತೆ ನಡೆದು ಒಳಗೆ ಬರಲು ಬೇಲಿಯ ಬುಡದಲ್ಲಿ ಕಂಡಿ ಇರುತ್ತದೆ. ನರಿ ನುಗ್ಗಲಾರದಷ್ಟು ಚಿಕ್ಕದು. ಅಕ್ಟೋಬರ್ 1ಕ್ಕೆ ಬೇಟೆ ಶುರು, ಫೆಬ್ರವರಿ 1ರವರೆಗೆ.

ಇದಕ್ಕೆ 'ಬಿಡುಗಡೆ' ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ಆ ಪದದಲ್ಲಿ ಸೆರೆಯಿಂದ ಪಾರಾದ ಸುಖ ಇದೆ, ಅಲ್ವಾ? ಸುಮ್ನೆ 'ಬಿಡುವುದು' ಅಂದರೆ ದೇವರಿಗೆ ಬಸವನನ್ನು ಬಿಟ್ಟದ್ದು ನೆನಪಾಗುತ್ತದೆ. ಬಿಟ್ಟ ಬಸವನ ಮೇಲೆ ಯಾರೂ ಕೈಮಾಡುವುದಿಲ್ಲ.

ಆಗ ನಮ್ಮ ಕೆರೆಗಳು ನೆನಪಾದವು. ಕೆರೆಗೆ ಮೀನುಮರಿ ಬಿಡುವುದನ್ನು ಮೀನುಗಾರಿಕೆ ಇಲಾಖೆಯವರು 'ಬಿತ್ತನೆ' ಅನ್ನುತ್ತಾರೆ. ಬಿತ್ತಿದ್ದು ಕೊಯ್ಲಿಗೆ ಅನ್ನುವುದು ಆ ಪದದಲ್ಲೇ ಇದೆ. 'ಹಕ್ಕಿ ಬಿತ್ತನೆ' ಕಿವಿಗೆ ಹೊಸದು, ಆದರೆ ನಿಜ ಹೇಳುತ್ತದೆ.

ಇನ್ನೊಂದು ಕಾರಣವೂ ಇದೆ. ಹಿಮಾಚಲದ ಸರಾಹನ್‌ನಲ್ಲಿ ಜುಜುರಾಣಾ ಅನ್ನುವ ಫೆಸೆಂಟ್ ಬಳಗದ ಹಕ್ಕಿಯನ್ನು, ಚೈಲ್‌ನಲ್ಲಿ ಚೀರ್ ಫೆಸೆಂಟನ್ನು ಸಾಕಿ ಮರಿ ಮಾಡಿಸುತ್ತಾರೆ. ಪಾಕಿಸ್ತಾನದ ಮಾರ್ಗಲ್ಲಾ ಬೆಟ್ಟಗಳಲ್ಲಿ ಚೀರ್ ಇಲ್ಲವಾದಾಗ ಬ್ರಿಟನ್ನಿನಿಂದ ಮೊಟ್ಟೆ ತರಿಸಿ ಮರಿ ಮಾಡಿಸಿದ್ದರು. ಅಲ್ಲಿ ಆಸೆ ಬೇರೆಯೇ. ಹಕ್ಕಿ ಬದುಕಬೇಕು, ಕಾಡಿನಲ್ಲೇ ಮೊಟ್ಟೆ ಇಡಬೇಕು. ಅದಕ್ಕೆ 'ಮರುನೆಲೆ' ಅಂತ ಬರೆದುಕೊಂಡಿದ್ದೇನೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರಿಗೆ ಮೋಸ ಮಾಡಿದಂತೆ.

ತಂತಿಬೇಲಿಯ ಆವರಣಕ್ಕೆ 'ಗೂಡು' ಬೇಡ ಅನಿಸಿತು. 'ರೊಪ್ಪ' ಹಾಕಿದ್ದೇನೆ. ಕುರಿರೊಪ್ಪದ ಹಾಗೆ ಸುತ್ತ ಬೇಲಿ, ಮೇಲೆ ಆಕಾಶ. ಫೆಸೆಂಟನ್ನು ಮಾತ್ರ ಹಾಗೇ ಉಳಿಸಿಕೊಂಡೆ. ಕಾಡುಕೋಳಿ ಅಂದರೆ ನಮ್ಮ ಘಟ್ಟದ ಹಕ್ಕಿಯೇ ಕಣ್ಣಿಗೆ ಬರುತ್ತದೆ.

ಕೊನೆಯ ತೊಡಕು, ಆ ಆರೇಳು ವಾರದ ಮರಿ. 'ಹೂಮರಿ' ಅಲ್ಲ, ಅದು ಆಗಷ್ಟೇ ಒಡೆದು ಬಂದದ್ದು. 'ಹೇಂಟೆ' ಹೆಣ್ಣಿಗೆ ಮಾತ್ರ. 'ಪಡ್ಡೆ ಹುಡುಗರು' ಅನ್ನುವ ಹಾಗೆ 'ಪಡ್ಡೆ ಹಕ್ಕಿ' ಅನ್ನಬಹುದೇ? ಅಥವಾ ಪಡ್ಡೆ ಅಂದರೆ ನಿಮ್ಮ ಕಡೆ ಎಮ್ಮೆ, ಹಸುವಿಗಷ್ಟೇ ಸಲ್ಲುತ್ತದೆಯೇ? ಮನೆಯಲ್ಲಿ ನಾಟಿಕೋಳಿ ಸಾಕಿದವರು ಈ ವಯಸ್ಸಿನ ಮರಿಗೆ ಏನೆನ್ನುತ್ತೀರಿ, ಊರಿನ ಹೆಸರಿನ ಜೊತೆ ತಿಳಿಸಿ.